ದೊಡ್ಡವರ ಕಾಲಿಗೆ ನೀರು

ನಾನು ಮಾಂಬಳ್ಳಿ ಕಡೆಯ ಬಯಲುಸೀಮೆಯ ಹುಡುಗಿ. ಕಣ್ಣು ಹಾಯಿಸಿದಷ್ಟು ದೂರ ಗದ್ದೆ ಕಾಣುವ ಊರಲ್ಲಿ ಬೆಳೆದವಳನ್ನು ಬಿಳಿಗಿರಿರಂಗನ ಬೆಟ್ಟದ ಬುಡದ ಒಂದು ಒಂಟಿ ಮನೆಗೆ ಕೊಟ್ಟರು. ಅರವತ್ತರ ದಶಕದ ಮಾತಿದು. ಹಿತ್ತಿಲ ಬೇಲಿ ದಾಟಿದರೆ ಕಾಡು. ಮುಂದೆ ಅದಕ್ಕೆ ವನ್ಯಧಾಮ ಅಂತ ಬೋರ್ಡು ಬಂತು. ಆಗ ನಮ್ಮ ಪಾಲಿಗೆ ಅದು ಬರೀ ‘ಮೇಲ್ಗಡೆ’.

ಮೊದಲ ಆರು ತಿಂಗಳು ನಾನು ಕದ್ದು ಕದ್ದು ಅತ್ತಿದ್ದೇನೆ. ಗಂಡ ಒಳ್ಳೆಯವರೇ, ಹೊಲ ಅಂದರೆ ಹೊಲ, ಮನೆ ಅಂದರೆ ಮನೆ. ನನ್ನನ್ನು ಅಳಿಸಿದ್ದು ಅತ್ತೆ. ಬೈಯುತ್ತಿದ್ದರು ಅಂತಲ್ಲ, ಬೈದಿದ್ದರೆ ನಾನೂ ಒಂದು ಮಾತು ಎದುರಾಡಿ ಹಗುರಾಗುತ್ತಿದ್ದೆ. ಅವರು ಮಾತೇ ಆಡುತ್ತಿರಲಿಲ್ಲ. ಬೆಳಗ್ಗೆ “ಎದ್ಯಾ”, ಮಧ್ಯಾಹ್ನ “ಉಂಡ್ಯಾ”. ಅಲ್ಲಿಗೆ ದಿನದ ಮಾತು ಮುಗಿಯಿತು.

ಅದೇ ಕಾಡಿನ ಜೊತೆಗಾದರೆ ಅವರಿಗೆ ಎಲ್ಲಿಲ್ಲದ ಮಾತು! ನೆಲ್ಲಿಕಾಯಿ ಕೀಳುವ ಮೊದಲು ಮರದ ಬುಡ ಸವರಿ, “ಒಂದೀಟು ತಕತ್ತೀನಿ ಕಣವ್ವ, ಮಿಕ್ಕಿದ್ದು ಜಿಂಕೆಗಿರ್ಲಿ” ಅನ್ನುವರು. ಊಟದ ಎಲೆಗೆಂದು ಮುತ್ತುಗದ ಗಿಡಕ್ಕೆ ಕೈ ಹಾಕಿದರೆ ಚಿಗುರನ್ನು ಮುಟ್ಟುತ್ತಿರಲಿಲ್ಲ. ಮತ್ತಿಮರದಲ್ಲಿ ಹೆಜ್ಜೇನು ಕಟ್ಟಿದ್ದರೆ ಅದರಡಿ ಹೋಗುವಾಗ ಕೆಮ್ಮುವುದಕ್ಕೂ ಬಿಡುತ್ತಿರಲಿಲ್ಲ. ಮನೆ ಹಿಂದಿನ ಹೊನ್ನೆಮರದಲ್ಲಿ ಒಂದು ಕೆಂದಳಿಲು ಇತ್ತು, ಮೊಳದುದ್ದ ಬಾಲದ್ದು. ಅದು ಕಂಡರಂತೂ ನಿಂತುಬಿಡುವರು. “ನೆನ್ನೆ ಎಲ್ಲೋಗಿದ್ಯೋ? ಮಕ್ಳು ಚೆನ್ನಾಗವಾ?” ಅಳಿಲಿನ ಮೇಲೆ ಹೊಟ್ಟೆಕಿಚ್ಚು ಪಟ್ಟ ಸೊಸೆ ಈ ತಾಲ್ಲೂಕಿನಲ್ಲಿ ನಾನೊಬ್ಬಳೇ ಇರಬೇಕು.

ಬಸುರಿಯಾದೆ. ಏಳು ತುಂಬಿದ ಮೇಲೆ ಅಪ್ಪ ಗಾಡಿ ಕಟ್ಟಿಕೊಂಡು ಬಂದು ಬಾಣಂತನಕ್ಕೆ ಕರೆದುಕೊಂಡು ಹೋಗುವುದೆಂದು ಮಾತಾಯಿತು. ನಾನು ಒಳಗೊಳಗೇ ಇನ್ನೊಂದು ಮಾತು ಮಾಡಿಕೊಂಡಿದ್ದೆ. ಹೋದವಳು ವಾಪಸು ಬರುವುದಿಲ್ಲ. ಬೇಕಾದರೆ ಗಂಡನೇ ಬಂದು ನಮ್ಮೂರಲ್ಲಿ ಗದ್ದೆ ಮಾಡಲಿ. ಅಳಿಲನ್ನು ಮಾತಾಡಿಸಿ ನನ್ನನ್ನು ಮಾತಾಡಿಸದ ಮನೆಯಲ್ಲಿ ಮಗು ಸಾಕುವುದು ನನ್ನ ಕೈಲಾಗದು.

ಆ ವಾರ ಪೂರ್ತಿ ನನ್ನ ಕಿವಿ ಗಾಡಿಯ ಸದ್ದಿನ ಮೇಲೇ ಇತ್ತು. ಗಂಡ ಹೊಲಕ್ಕೆ ಹೋಗಿದ್ದ ಒಂದು ಬೆಳಗ್ಗೆ ನಾನು ಒಲೆ ಮುಂದಿದ್ದೆ. ಅತ್ತೆ ಹಟ್ಟಿಬಾಗಿಲಿಂದ ಮೆಲ್ಲಗೆ, “ಕೂಸೇ, ದೊಡ್ಡವ್ರು ಬಂದವ್ರೆ” ಅಂದು ಕರು ಬಿಚ್ಚಲು ಕೊಟ್ಟಿಗೆಗೆ ಓಡಿದರು.

ದೊಡ್ಡವರು! ಅಪ್ಪ, ಜೊತೆಗೆ ದೊಡ್ಡಪ್ಪನೂ ಬಂದಿರಬೇಕು. ಮುಖ ಒರೆಸಿಕೊಂಡೆ, ಸೆರಗು ಹೊದ್ದೆ, ದೊಡ್ಡ ಚೊಂಬಿನ ತುಂಬ ಕಾಲಿಗೆ ನೀರು ತೆಗೆದುಕೊಂಡು ಹೊರಗೆ ನಡೆದೆ. ಹಿರಿಯರ ಮುಂದೆ ತಲೆ ಎತ್ತಬಾರದು ಅಂತ ಅವ್ವ ಕಲಿಸಿದ್ದಳಲ್ಲ, ನೆಲ ನೋಡುತ್ತಲೇ ಅಂಗಳ ದಾಟಿ ಹಲಸಿನ ಮರದ ಹತ್ತಿರ ಹೋಗಿ ಬಗ್ಗಿದೆ.

ಮೊದಲು ಕಂಡದ್ದು ಕಾಲು. ಬೂದಿ ಬಣ್ಣದ್ದು. ದುಂಡನೆಯ ಉಗುರು. ನಮ್ಮಪ್ಪನ ಕಾಲು ಹೀಗಿರಲಿಲ್ಲ.

ಎಂಟು ಹತ್ತು ಹೆಜ್ಜೆ ಆಚೆ ಹೆಣ್ಣಾನೆ. ಅದರ ಹೊಟ್ಟೆಯಡಿ ಒಂದು ಮರಿ, ಬಾಯಿ ತುಂಬ ಹಲಸಿನ ತೊಳೆ. ತಾಯಿ ಕಿವಿ ಬೀಸುವುದನ್ನು ನಿಲ್ಲಿಸಿ ನನ್ನನ್ನು ನೋಡಿತು. ಚೊಂಬು ನನ್ನ ಕೈಯಿಂದ ಜಾರಿ ಬಿತ್ತು. ಹೊಟ್ಟೆಯೊಳಗಿನದು ಒಮ್ಮೆ ಒದೆಯಿತು. ಇದನ್ನು ನಾನೇ ಕೈಯಾರೆ ಕೊಂದೆ ಅಂದುಕೊಂಡೆ.

ಆಗ ನನ್ನ ರಟ್ಟೆಯನ್ನು ಯಾರೋ ಹಿಡಿದರು. ಅತ್ತೆ ನನ್ನನ್ನು ಹಿಂದಕ್ಕೆ ಸರಿಸಿ, ನನಗೂ ಆನೆಗೂ ನಡುವೆ ಬಂದು ನಿಂತರು. ಗಾಳಿ ಬಂದರೆ ಹಾರಿಹೋಗುವಂಥ ಸಣಕಲು ಮೈ ಅವರದು. ಕೈಯಲ್ಲೊಂದು ಕಡ್ಡಿಯೂ ಇರಲಿಲ್ಲ.

“ದೊಡ್ಡವ್ರೇ, ಇದು ಬಸ್ರಿ ಎಂಗ್ಸು. ತಿಳೀದೆ ಬಂದದೆ” ಅಂದರು. ದನಿ ಸ್ವಲ್ಪವೂ ನಡುಗಲಿಲ್ಲ. “ನಿಮ್ಗೂ ಮಗ ಅದೆ, ಇದ್ಕೂ ಮಗ ಅದೆ. ನನ್ ಮನೇಲಿರೋದು ಇದೊಂದೇ ಎಣ್ಮಗ ಕಣವ್ವ. ತಿಂದ್ಕಂಡು ಓಗಿ.”

ಇದೊಂದೇ ಹೆಣ್ಣುಮಗ. ಆನೆಯ ಮುಂದೆ ನಿಂತಿದ್ದರೂ ನನ್ನ ಕಿವಿಗೆ ಬಿದ್ದದ್ದು ಆ ಮಾತೊಂದೇ. ಹಿಂದಕ್ಕೆ ಚಾಚಿದ ಅವರ ಕೈ ನನ್ನ ಮುಂಗೈಯನ್ನು ಬಿಗಿಯಾಗಿ ಹಿಡಿದಿತ್ತು, ಬಳೆ ಒತ್ತಿ ನೋಯುತ್ತಿತ್ತು. ಆನೆ ಇನ್ನೊಂದು ಹಣ್ಣು ಕಿತ್ತು ಕಾಲಲ್ಲಿ ಒತ್ತಿ ಸೀಳಿತು. ಮರಿ ತಿನ್ನುವವರೆಗೂ ಕಾದು, ಅದನ್ನು ಮುಂದೆ ಬಿಟ್ಟುಕೊಂಡು ಬಿದಿರಿನೊಳಗೆ ಹೋಯಿತು.

ಅತ್ತೆ ಅಲ್ಲೇ ಕುಸಿದು ಕೂತರು. ಕೆಳಗೆ ಬಿದ್ದಿದ್ದ ಚೊಂಬು ಕಂಡಿತು.

“ಚೊಂಬ್ಯಾಕೆ ತಂದೆ?”

“ಕಾಲಿಗೆ ನೀರು... ದೊಡ್ಡವ್ರು ಅಂದ್ರಲ್ಲ ಅತ್ತೆ, ಅಪ್ಪ ಬಂದವ್ರೆ ಅನ್ಕಂಡೆ.”

ಒಂದು ಗಳಿಗೆ ನನ್ನ ಮುಖ ನೋಡಿದರು. ಆಮೇಲೆ ನಕ್ಕರು ನೋಡಿ, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ. ನಾನು ಆ ಮನೆಗೆ ಬಂದ ಮೇಲೆ ಅವರು ನಕ್ಕದ್ದು ಅದೇ ಮೊದಲು. ಆ ಮನೆಯಲ್ಲಿ ಕಾಡಿನವರ ಹೆಸರು ಹಿಡಿದು ಕೂಗುವ ಹಾಗಿರಲಿಲ್ಲ, ಕೂಗಿದರೆ ಕರೆದಂತೆ ಆಗುತ್ತದಂತೆ. ಹಾವು ಅಂದರೆ ಹುಳ, ಅದು ನಮ್ಮೂರಲ್ಲೂ ಇತ್ತು. ಕರಡಿ ಅಂದರೆ ಕರಿಯ, ಅದನ್ನು ಬಂದ ಮೇಲೆ ಕಲಿತಿದ್ದೆ. ಆನೆ ಅಂದರೆ ದೊಡ್ಡವರು ಅಂತ ಯಾರಾದರೂ ಹೇಳಬೇಡವೇ? “ತಪ್ಪು ನಂದೇಯ, ನಾನೇ ಏಳ್ನಿಲ್ಲ” ಅಂದರು ಅತ್ತೆ. ಮಾತಾಡದೆ ಇದ್ದದ್ದಕ್ಕೆ ಅವರು ಕೇಳಿದ ಕ್ಷಮೆ ಅಷ್ಟೇ. ನನಗೆ ಅದು ಸಾಕಾಯಿತು.

ಮೂರು ದಿನ ಬಿಟ್ಟು ಅಪ್ಪ ನಿಜವಾಗಿಯೂ ಬಂದರು. ಗಾಡಿ ಹತ್ತುವಾಗ ಅತ್ತೆ ಸೆರಗಿನಲ್ಲಿ ಒಣನೆಲ್ಲಿ ಕಟ್ಟಿಕೊಟ್ಟರು. ಬೇಗ ಬಾ ಅನ್ನಲು ಅವರಿಗೆ ಆಗಲೂ ಬಾಯಿ ಬರಲಿಲ್ಲ. ಗಾಡಿಯ ಗೂಟ ಹಿಡಿದು ಬೆಟ್ಟದ ಕಡೆ ನೋಡುತ್ತಾ, “ದೊಡ್ಡವ್ರು ಬಂದ್ರೆ ಕಾಲ್ಗೆ ನೀರ್ ಕೊಡೋರ್ಯಾರು ಈಗ?” ಅಂದರು.

“ಅದ್ಯಾವ ದೊಡ್ಡವ್ರವ್ವಾ?” ಅಂತ ಅಪ್ಪ ದಾರಿಯುದ್ದಕ್ಕೂ ಕೇಳಿದರು. ನಾನು ನಗಲು ಹೋಗಿ ಅತ್ತುಬಿಟ್ಟೆ.

ಹೆರಿಗೆಯಾಗಿ ಐದನೆಯ ತಿಂಗಳಿಗೆ ಮಗಳನ್ನು ಎತ್ತಿಕೊಂಡು ಹೊರಟೆ. ಇನ್ನೂ ಒಂದು ತಿಂಗಳು ಇದ್ದು ಹೋಗೆಂದು ಅವ್ವ ಅಂದಳು, ನಾನೇ ಕೇಳಲಿಲ್ಲ. ಗಾಡಿ ಬೇಲಿಯ ಹತ್ತಿರ ನಿಂತಾಗ ಅತ್ತೆ ಅಂಗಳದಲ್ಲಿದ್ದರು. ಅದೇ ಚೊಂಬು ಅವರ ಕೈಯಲ್ಲಿತ್ತು. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಮಗುವಿನ ಕಾಲ ಮೇಲೆ ಒಂದೊಂದು ಗುಟುಕು ನೀರು ಬಿಟ್ಟು, ಸೆರಗಿನಿಂದ ಒರೆಸಿ, ಒಳಗಿದ್ದ ಮಗನಿಗೆ ಕೇಳುವ ಹಾಗೆ ಕೂಗಿದರು:

“ಬಾರ್ಲಾ ಈಚ್ಗೆ, ದೊಡ್ಡವ್ರು ಬಂದವ್ರೆ!”