ಸದ್ದಿಲ್ಲದ ಕೂಲರ್

ಕೂಲರಿನ ಬದಿಗೆ ತುಂಬುವ ಆ ಬೇರಿನ ಹೆಸರು ಲಾ... ಲಾಮ... ನಾಲಿಗೆ ತುದಿಯಲ್ಲಿದೆ, ಬರುತ್ತಿಲ್ಲ. ನೀರು ಬಿದ್ದರೆ ಘಮ್ಮೆನ್ನುತ್ತಿತ್ತು.

ತೊಂಬತ್ತರ ದಶಕದಲ್ಲಿ ಸಿಂಧನೂರಿನ ನಮ್ಮ ಮನೆಯಲ್ಲೇ ಕಂಪ್ಯೂಟರ್ ಇಟ್ಟು ಟೈಪಿಂಗ್ ಮಾಡುತ್ತಿದ್ದೆ. ಬೇಸಿಗೆಯಲ್ಲಿ ಅದು ಕಾದು ನಿಂತುಬಿಡುತ್ತಿತ್ತು. ಕಡಿಮೆ ಖರ್ಚಿನಲ್ಲಿ ಕೋಣೆ ತಂಪಾಗಿಸುವ ನೀರಿನ ಕೂಲರ್ ಮಾಡಿಸಲು ಮೇಸ್ತ್ರಿಯ ಅಂಗಡಿಗೆ ಹೋಗಿ, ಒಂದೊಂದೇ ಮೋಟಾರಿಗೆ ಕಿವಿಗೊಟ್ಟು ಕೂತೆ. ಮನೆಯ ಒಳಕೋಣೆಯಲ್ಲಿ ಅವ್ವ ಹಾಸಿಗೆ ಹಿಡಿದಿದ್ದಳು. ಅವಳ ದನಿ ಪಿಸುಮಾತಿನಷ್ಟೇ ಉಳಿದಿತ್ತು.

“ಸದ್ದು ಬ್ಯಾಡಂದ್ರ ಗಾಳಿ ಕಮ್ಮಿ ಬರ್ತೈತ್ರೀ ಅಕ್ಕಾರ,” ಅಂದ ಮೇಸ್ತ್ರಿ.

“ಕಮ್ಮೀನ ಬರ್ಲಿ ಬಿಡಪ. ನಮ್ಮವ್ವ ಕರದ್ರ ನನಗ ಕೇಳಸ್ಬೇಕು.”

ಸಣ್ಣ ಮೋಟಾರು, ಸಣ್ಣ ಪಂಪು ಆರಿಸಿ, ಬೇರನ್ನು ಮಾತ್ರ ದಪ್ಪಗೆ ತುಂಬಿಸಿದೆ. ಕೂಲರ್ ಚಾಲೂ ಆದ ದಿನವೇ ಅವ್ವ ಕರೆದಳು. ಕೆಲಸ ಬಿಟ್ಟು ಓಡಿದೆ.

“ಯಾಕ ಬೇ ಯವ್ವಾ?”

“ಏನಿಲ್ಲ. ಕೇಳಸ್ತೈತೋ ಇಲ್ಲೋ ನೋಡಿದ್ನಿ.”

ದಿನವೆಲ್ಲ ಹಾಗೇ ಕರೆದು ಕರೆದು ನೋಡಿದಳು.

ಈಗ ಈ ದೂರದ ಊರಿನಲ್ಲಿ ಮೊಮ್ಮಗಳು ತನ್ನ ಕಂಪ್ಯೂಟರನ್ನು ನೀರಿನಿಂದ ತಣ್ಣಗಿಡುವ ಕೂಲಿಂಗ್ ಸಾಮಾನು ಆರಿಸಿ ಪಟ್ಟಿ ಬರೆಯುತ್ತಿದ್ದಾಳೆ. ಸದ್ದೇ ಇರಬಾರದಂತೆ. ಮನೆ ಎಷ್ಟು ನಿಶ್ಶಬ್ದವಾದರೂ ನನಗೆ ಬೇಕಾದ ಕರೆ ಬರುವುದಿಲ್ಲ.

ಹಾಂ, ಲಾವಂಚ! ಬರ್ಕೋ ಬೇ, ನಿನ್ನ ಸಾಮಾನಿನ ಜೋಡಿ ಅದೂ ಒಂದು ಹಿಡಿ ಇರ್ಲಿ.