ಸರಾಸರಿ ಕಿವಿ

ಯಾವ ಎರಡು ಆನೆಗಳ ಕಿವಿಯಂಚೂ ಒಂದೇ ಥರ ಇರುವುದಿಲ್ಲ. ಒಂದು ಹರಿದಿರುತ್ತದೆ, ಇನ್ನೊಂದು ಮಡಚಿರುತ್ತದೆ. ಫೋಟೊದಲ್ಲಿ ಆ ಅಂಚಿನುದ್ದಕ್ಕೂ ಚುಕ್ಕಿ ಇಡುವುದು ನನ್ನ ಕೆಲಸವಾಗಿತ್ತು. ಕಂಪ್ಯೂಟರು ಎಲ್ಲ ಕಿವಿಗಳನ್ನೂ ಒಂದೇ ಅಳತೆಗೆ ತಂದು, ವಾಲಿದ್ದನ್ನು ನೆಟ್ಟಗೆ ಮಾಡಿ, ಒಂದರ ಮೇಲೊಂದಿಟ್ಟು ಸರಾಸರಿ ಕಿವಿಯೊಂದನ್ನು ತೆಗೆಯುತ್ತಿತ್ತು. ಆ ಸರಾಸರಿಯಿಂದ ಅಂಚು ಎಲ್ಲಿ, ಎಷ್ಟು ದೂರ ಸರಿದಿದೆ ಎನ್ನುವುದೇ ಆನೆಯ ಗುರುತು. ಈ ಲೆಕ್ಕ ಕಟ್ಟಿದವಳು ನನ್ನ ಗೆಳತಿ. ಎಂಎಸ್ಸಿಯಲ್ಲಿ ಒಂದೇ ತಟ್ಟೆಯಲ್ಲಿ ಉಂಡವರು ನಾವು.

ಫೋಟೊ ಕೊಡುತ್ತಿದ್ದವರು ಪಾಳ್ಯದ ಕಡೆಯ ಎಸ್ಟೇಟಿನ ಕೂಲಿ ಲೈನ್ ಮನೆಗಳ ಹೆಂಗಸರು. ಕಾಫಿ ಕೊಯ್ಯಲು ಹೊರಡುವ ಮುಂಚೆ ಆನೆ ಎಲ್ಲೈತೆ ಎಂದು ವಾಟ್ಸಾಪಿಗೆ ಹಾಕುವುದು ಅವರ ರೂಢಿ. "ಹಿಡಿಯೋಕಲ್ಲ, ಎಚ್ಚರಿಕೆಗೆ ಮಾತ್ರ" ಎಂದು ಗೆಳತಿ ನನ್ನ ಮುಂದೆಯೇ ಅವರಿಗೆ ಮಾತು ಕೊಟ್ಟಿದ್ದಳು.

ಮಗ್ಗೆ ಊರಿನ ಹತ್ತಿರ ಸಲಗವೊಂದು ಕೂಲಿಯವನನ್ನು ತುಳಿದು ಕೊಂದಿತು. ಅದನ್ನು ಸೆರೆಹಿಡಿಯಲು ಅರಣ್ಯ ಇಲಾಖೆಯಿಂದ ಅಪ್ಪಣೆಯಾಯಿತು, ಯಾವುದೆಂದು ನಾವು ಹೇಳಬೇಕಿತ್ತು. ಇದ್ದದ್ದು ಒಂದೇ ಫೋಟೊ, ಕಿವಿಯ ಕೆಳಗಿನರ್ಧ ಕಾಫಿ ಗಿಡದ ಮರೆ. "ಇಷ್ಟರಲ್ಲಿ ಹೇಳೋಕಾಗಲ್ಲ ಕಣೇ" ಎಂದೆ. ಹೂಂ ಅಂದಳು.

ಹೂಂ ಅಂದವಳು ಮಾಡಿದ್ದೇನು? ಆನೆ ಸೆರೆಯಾದ ಮೇಲೆ ಫೈಲು ತೆರೆದು ನೋಡಿದರೆ ನಾನಿಡದ ಚುಕ್ಕಿಗಳು! ಕಾಣದ ಅಂಚಿಗೆ ಸರಾಸರಿ ಕಿವಿಯನ್ನೇ ತುಂಬಿಬಿಟ್ಟಿದ್ದಳು. ಹಾಗೆ ತುಂಬಿದರೆ ಕೊಂದ ಆನೆ ಸಿಕ್ಕುವುದಿಲ್ಲ, ಎಲ್ಲಕ್ಕಿಂತ ಸಾದಾ ಕಿವಿಯ ಆನೆ ಸಿಕ್ಕುತ್ತದೆ. ಅವಳಿಗೆ ಗೊತ್ತಿರಲಿಲ್ಲವೇ? ನನಗದನ್ನು ಕಲಿಸಿದವಳೇ ಅವಳು. ಮೇಲಿನವರಿಗೆ ಬೇಗ ಉತ್ತರ ಬೇಕಿತ್ತಂತೆ.

ಸಿಕ್ಕಿಬಿದ್ದದ್ದು ಲೈನಿನ ಹಿಂದಿನ ಕೆರೆಯಲ್ಲಿ ನೀರು ಕುಡಿದು, ಯಾರ ತಂಟೆಗೂ ಹೋಗದೆ ಮರಳುತ್ತಿದ್ದ ಸಾಧು ಸಲಗ. ಲಾರಿ ಅದನ್ನು ಹೊತ್ತು ಬಾಳ್ಳುಪೇಟೆ ದಾಟುವಾಗ ನಾನೂ ರಸ್ತೆ ಬದಿಯಲ್ಲಿದ್ದೆ. ಪಕ್ಕದಲ್ಲಿದ್ದ ಲೈನಿನ ಹೆಂಗಸು, "ನಿನ್ ನಂಬಿ ಫೋಟೊ ಕೊಟ್ವಲ್ಲವ್ವ, ಹಿಂಗ್ ಮಾಡ್ಬುಟ್ಯಲ್ಲ" ಎಂದು ಮುಖ ತಿರುಗಿಸಿದಳು.

ಮುಂದಿನ ವಾರವೇ ಮಗ್ಗೆ ರಸ್ತೆಯಲ್ಲಿ ಬೇರೊಂದು ಸಲಗ ಆಟೊ ಮಗುಚಿ ಹಾಕಿತು. ಪುಣ್ಯಕ್ಕೆ ಒಳಗೆ ಯಾರೂ ಇರಲಿಲ್ಲ. ಈ ಸಲ ಫೋಟೊದಲ್ಲಿ ಕಿವಿ ಪೂರ್ತಿ ಕಾಣುತ್ತಿತ್ತು. ಚುಕ್ಕಿ ಇಟ್ಟೆ. ಹಳೇ ಫೋಟೊದ ಮೇಲರ್ಧಕ್ಕೆ ಇದು ಸರಿಯಾಗಿ ಕೂತಿತು, ನಮ್ಮಲ್ಲಿದ್ದ ಬೇರೆ ಯಾವ ಕಿವಿಯೂ ಹೀಗೆ ಕೂತಿರಲಿಲ್ಲ. ಅವತ್ತು ಗಿಡದ ಮರೆಯಲ್ಲಿದ್ದ ಕೆಳಗಿನರ್ಧದಲ್ಲಿ ದೊಡ್ಡ ಹರುಕು. ತಕ್ಷಣ ಗೆಳತಿಗೆ ಫೋನು ಮಾಡಿದೆ.

"ಕೊಂದದ್ದು ಇದೇ ಅಂತ ಈಗಲೇ ಹೇಳಿಬಿಡೋಣ. ಪಾಪ, ಆ ಸಾಧು ಆನೇನ ಬಿಡಿಸೋಣ."

"ಆ ಫೋಟೊ ಯಾರಿಗೂ ತೋರಿಸ್ಬೇಡ ಮಾರಾಯ್ತಿ" ಎಂದಳು. "ಇಲಾಖೆಗೆ ಕೊಟ್ಟ ವರದೀಲಿ ಗುರುತು ಹಿಡಿದವರು ಅನ್ನೋ ಕಡೆ ನಿನ್ನ ಹೆಸರೊಂದೇ ಹಾಕಿದೀನಿ."