ನಂದಿಬಟ್ಟಲ ಗಿಡದ ಹುಳಗಳೂ ನಮ್ಮನೆಯವರ ಗಿಫ್ಟೂ

ಹೋದ ವಾರ ನಮ್ಮನೆಯವರು ನನಗೊಂದು ಸರ್‌ಪ್ರೈಸ್ ಗಿಫ್ಟ್ ಕೊಟ್ಟರು. ಸೀರೆ ಕೊಡಿಸುವುದಿದ್ದರೂ ನನ್ನನ್ನೇ ಅಂಗಡಿಗೆ ಕರೆದುಕೊಂಡು ಹೋಗಿ, ನೀನೇ ಆರಿಸು ಎಂದು ಬಾಗಿಲಲ್ಲಿ ನಿಲ್ಲುವ ಮನುಷ್ಯ. ಅಂಥವರು ಯಾರೂ ಹೇಳದೆ, ನನಗೇನು ಇಷ್ಟ ಎಂದು ತಾವೇ ಯೋಚಿಸಿ ಏನೋ ಮಾಡಿದ್ದಾರೆ. ಖುಷಿಯಾಗಬೇಕು ತಾನೆ?

ಅವತ್ತಿನಿಂದ ನನಗೆ ಅನ್ನ ಸೇರುತ್ತಿಲ್ಲ.

ನನ್ನ ಹುಳದ ಹುಚ್ಚು ನಿಮಗೆ ಹೊಸದಲ್ಲ. ಶಿಕಾರಿಪುರದ ನಮ್ಮ ಮನೆಯ ಹಿತ್ತಲು ದೊಡ್ಡದೇನಲ್ಲ. ಒಂದು ಕರಿಬೇವು, ಒಂದು ದಾಳಿಂಬೆ, ಬಟ್ಟೆ ಒಗೆಯುವ ಕಲ್ಲು, ನಡುವೆ ಒಂದು ನಂದಿಬಟ್ಟಲು. ಸಂಜೆ ಲೈಟ್ ಹಾಕಿದರೆ ಗೋಡೆಗೆ ಪತಂಗಗಳು ಬಂದು ಕೂರುತ್ತವೆ. ಅವುಗಳ ಫೋಟೋ ತೆಗೆದು, ಪತಂಗದ ಹುಚ್ಚಿರುವವರದ್ದೇ ಒಂದು ಗ್ರೂಪಿಗೆ ಹಾಕಿ ಹೆಸರು ಕೇಳುತ್ತೇನೆ. (ನಮ್ಮ ಬೀದಿಯಲ್ಲಿ ಇದಕ್ಕೆ ಬೇರೆ ಹೆಸರಿದೆ. ಮೇಡಂಗೆ ಸ್ವಲ್ಪ ಲೂಸು ಅನ್ನುತ್ತಾರೆ.)

ಕೆಲವು ವರ್ಷಗಳ ಹಿಂದೆ ಒಂದು ಸಂಜೆ ದೊಡ್ಡದೊಂದು ಪತಂಗ ಬಂತು. ಹಸಿರಿನಲ್ಲೇ ಹಲವು ಹಸಿರು, ನಡುವೆ ತೆಳು ಗುಲಾಬಿ ಪಟ್ಟೆ. ಥೇಟ್ ಮಿಲಿಟರಿ ಯೂನಿಫಾರ್ಮ್. ಅವಸರಕ್ಕೆ ಫೋಟೋ ಮಸುಕಾಯಿತು. ಇನ್ನೊಂದು ತೆಗೆಯುವಷ್ಟರಲ್ಲಿ ಹಾರಿಹೋಯಿತು. ಅದನ್ನೇ ಗ್ರೂಪಿಗೆ ಹಾಕಿದೆ. ಅಲ್ಲಿನ ಪಂಡಿತರೊಬ್ಬರು "ಮೇಡಂ, ಇದು ಎಲೆ" ಎಂದರು.

ಎಲೆಯಂತೆ! ಎಲೆ ಎಲ್ಲಾದರೂ ರೆಕ್ಕೆ ಬಡಿಯುತ್ತದೆಯೇ?

ಇನ್ನೊಬ್ಬರು ಮಾತ್ರ, ನಂದಿಬಟ್ಟಲು, ಕಣಗಿಲೆ ಎಲೆ ತಿಂದು ಬೆಳೆಯುವ ಪತಂಗ ಇದಾಗಿರಬಹುದು, ಸರಿಯಾದ ಫೋಟೋ ಇಲ್ಲದೆ ಹೇಳಲಾಗದು ಎಂದು ಬರೆದರು. ಇವತ್ತಿಗೂ ಆ ಫೋಟೋದ ಕೆಳಗೆ ಹೆಸರಿಲ್ಲ, ಪ್ರಶ್ನೆ ಚಿಹ್ನೆ ಇದೆ. ಅಂದಿನಿಂದ ಪ್ರತಿ ಮಳೆಗಾಲ ಅದಕ್ಕಾಗಿ ಕಾದಿದ್ದೇನೆ. ನನಗೆ ಬೇರೆ ಆಸೆಗಳಿರಲಿಲ್ಲವೇ? ಇದ್ದವು. ಒಂದೊಂದಾಗಿ ಕೈಬಿಟ್ಟೆ. ಇದೊಂದನ್ನು ಮಾತ್ರ ಬಿಟ್ಟಿರಲಿಲ್ಲ.

ಈ ಸಲ ನಂದಿಬಟ್ಟಲಿನಲ್ಲಿ ಹುಳ ಕಂಡವು. ಬೆರಳಿನಷ್ಟು ದಪ್ಪ, ಎಲೆಯಷ್ಟೇ ಹಸಿರು, ಕತ್ತಿನ ಹತ್ತಿರ ಕಣ್ಣಿನ ಹಾಗೆ ಎರಡು ನೀಲಿ ಚುಕ್ಕೆ. ಅದೇ ಜಾತಿ! ಗ್ರೂಪಿಗೆ ಫೋಟೋ ಹಾಕಿದ ಮೇಲೆ ಪಂಡಿತರೂ ತಣ್ಣಗಾದರು. ಪತಂಗ ಹೊರಬಂದ ಮೇಲೆ ಫೋಟೋ ಹಾಕಿ, ನೋಡೋಣ ಎಂದರು.

ಗಿಡ ಬೋಳಾಗುತ್ತಾ ಬಂತು. ನಮ್ಮನೆಯವರಿಗೆ ಹಾರ್ಡ್‌ವೇರ್ ಅಂಗಡಿಯ ಶಟರ್ ಎತ್ತುವ ಮೊದಲು ಪೂಜೆಯಾಗಬೇಕು, ಪೂಜೆಗೆ ಇದೇ ಗಿಡದ ಹೂವಾಗಬೇಕು. ಎಲ್ಲಿ ಔಷಧಿ ಹೊಡೆದುಬಿಡುತ್ತಾರೋ ಎಂದು ನನಗೆ ಪುಕಪುಕ. ಒಂದೆರಡು ದಿನ ಗೊಣಗಿದರು. ಆಮೇಲೆ ಬುಟ್ಟಿ ಹಿಡಿದು ಪಕ್ಕದ ಮನೆಯ ಕುಂಡದ ದಾಸವಾಳ ಕೇಳಲು ಹೋಗತೊಡಗಿದರು. ಇಂಥ ಮನುಷ್ಯ.

ಬಲಿತ ಹುಳಗಳು ಕಂದು ಬಣ್ಣಕ್ಕೆ ತಿರುಗಿ, ಗಿಡದಿಂದಿಳಿದು, ದೂರ ದೂರ ಹರಿದಾಡಿ ಹಿತ್ತಲ ಮಣ್ಣು, ತರಗೆಲೆಯೊಳಗೆ ಸೇರಿಕೊಂಡವು. ಅಲ್ಲೇ ಕೋಶವಾಗಿ, ಎರಡು ಮೂರು ವಾರಕ್ಕೆ ಪತಂಗವಾಗಿ ಮೇಲೆ ಬರುತ್ತವೆ. ಅದೇ ಹೊತ್ತಿಗೆ ಆನವಟ್ಟಿಯ ಅಕ್ಕನಿಗೆ ಕಣ್ಣಿನ ಆಪರೇಷನ್. ಒಂದು ವಾರ ಅಲ್ಲಿರಬೇಕು. ಇನ್ನೂ ಟೈಮಿದೆಯಲ್ಲ ಎಂದು ನೆಮ್ಮದಿಯಿಂದಲೇ ಬಸ್ಸು ಹತ್ತಿದೆ. ಅಲ್ಲಿಂದ ಫೋನ್ ಮಾಡಿದಾಗೆಲ್ಲ ಇವರ ದನಿಯಲ್ಲಿ ಏನೋ ಒಂದು ನಗು.

ಶಿರಾಳಕೊಪ್ಪದ ಮೇಲೆ ವಾಪಸ್ ಬಂದು ಮನೆ ಸೇರಿದರೆ, ಬ್ಯಾಗ್ ಇಡಲೂ ಬಿಡದೆ ಹಿತ್ತಲಿಗೆ ಕರೆದೊಯ್ದರು.

ಗೋಡೆಯಿಂದ ಗೋಡೆಗೆ ನೆಲಕ್ಕೆಲ್ಲ ಸಿಮೆಂಟಿನ ಇಂಟರ್‌ಲಾಕ್ ಇಟ್ಟಿಗೆ. ಕೆಂಪು, ಬೂದು, ಕೆಂಪು, ಬೂದು. ಗಿಡಗಳ ಬುಡದಲ್ಲಿ ಮಾತ್ರ ಗೇಣಗಲ ಮಣ್ಣು. ಗೋಡೆಗೆ ಹೊಸ ಬಿಳಿ ಬಣ್ಣ, ಹೊಸ ಬಲ್ಬು. ಅದರೆದುರು ಒಂದು ಪ್ಲಾಸ್ಟಿಕ್ ಕುರ್ಚಿ.

"ನೀನು ಕೆಸರಾಗೆ ಮೊಣಕಾಲೂರಿ ಕೂರೋದು ನೋಡಾಕೆ ಆಗ್ತಿರಲಿಲ್ಲ ಕಣೆ," ಎಂದರು. "ಹುಳ ಎಲ್ಲಾ ಗಿಡ ಬಿಟ್ಟು ಹೋಗ್ಲಿ ಅಂತ್ಲೇ ಕಾದೆ. ಪಾಪ, ಅವಕ್ಕೆ ತೊಂದ್ರೆ ಆಗಬಾರ್ದಲ್ಲ. ಇನ್ಮೇಲೆ ಆರಾಮಾಗಿ ಕುಂತ್ಕಂಡು ಫೋಟೋ ತೆಗಿ."

ಕಾದಿದ್ದಾರೆ! ಹುಳಗಳು ಮಣ್ಣಿಗಿಳಿಯುವವರೆಗೆ ಕಾದು, ಆಮೇಲೆ ಮಣ್ಣು ಮುಚ್ಚಿಸಿದ್ದಾರೆ.

ನಾನು "ಚೆನ್ನಾಗಿದೆ ರೀ" ಎಂದೆ. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಮರುದಿನ ಗಿಡಗಳ ಬುಡದ ಆ ಗೇಣು ಮಣ್ಣನ್ನೆಲ್ಲ ಚಮಚದಲ್ಲಿ ಕೆದಕಿದೆ. ಎರೆಹುಳ ಬಿಟ್ಟರೆ ಏನೂ ಇಲ್ಲ. ಇಂಟರ್‌ಲಾಕ್ ಹಾಕಿದ ರಫೀಕ್ ಮರೆತುಹೋದ ಬಾಂಡ್ಲಿ ಒಯ್ಯಲು ಬಂದಿದ್ದ. ಮಣ್ಣಿನಲ್ಲಿ ಏನಾದರೂ ಸಿಕ್ಕಿತ್ತಾ ಎಂದು ಕೇಳಿದೆ.

"ಸಿಕ್ಕಿದ್ವು ಮೇಡಂ, ಖರ್ಜೂರದ ತರ. ಮುಟ್ಟಿದ್ರೆ ಅಲುಗ್ತಿದ್ವು. ಮಣ್ಣಾಗೇ ಸೇರ್ಸಿ ಸಮ ಮಾಡಿ, ಮೇಲೆ ಮಣ್ಣು ಕುಟ್ಟೋ ಮಷಿನ್ ಓಡ್ಸಿದ್ವಿ. ಗಟ್ಟಿ ಐತಿ ಬಿಡ್ರಿ, ಏನೂ ಆಗಲ್ಲ."

ಅವನ ತಪ್ಪೇನಿದೆ? ಅವನ ಕೆಲಸ ನಿಜಕ್ಕೂ ನೀಟು. ನಮ್ಮ ಬೀದಿಯಲ್ಲಿ ಮಣ್ಣು ಉಳಿದಿದ್ದುದು ನಮ್ಮ ಹಿತ್ತಲಿನಲ್ಲೊಂದೇ. ಮಿಕ್ಕವರದ್ದೆಲ್ಲ ಯಾವತ್ತೋ ಮುಚ್ಚಿದೆ, ಹೆಚ್ಚಿನದು ನಮ್ಮ ಅಂಗಡಿಯ ಸಿಮೆಂಟಿನಲ್ಲೇ. (ಆ ವ್ಯಾಪಾರದಲ್ಲೇ ನನ್ನ ಮೊಬೈಲೂ ಬಂದದ್ದು. ಹಾಗಾಗಿ ನಾನು ದೊಡ್ಡ ಭಾಷಣ ಬಿಗಿಯುವ ಹಾಗಿಲ್ಲ.) ಹಿತ್ತಲು ನೋಡಿದವರೆಲ್ಲ ಈಗ ಕ್ಲೀನ್ ಆಯ್ತು ನೋಡಿ ಅನ್ನುತ್ತಿದ್ದಾರೆ. ಹೌದು, ಕ್ಲೀನ್. ಒಂದು ಇರುವೆಗೂ ಜಾಗ ಇಲ್ಲದಷ್ಟು.

ಕೆಟ್ಟವರು ಕೆಡಿಸಿದ್ದರೆ ಬಯ್ದಾದರೂ ಹಗುರಾಗುತ್ತಿದ್ದೆ. ನನ್ನ ಮೊಣಕಾಲಿನ ಚಿಂತೆ ಮಾಡಿದವರನ್ನು ಏನಂತ ಬಯ್ಯಲಿ? ಕಿತ್ತುಹಾಕಿಸಿ ಎನ್ನಲು ಬಾಯಿ ಬರುತ್ತಿಲ್ಲ. ಕಿತ್ತರೂ ಆ ಮಷಿನ್ ಓಡಿದ ಮೇಲೆ ಏನು ಉಳಿದಿರುತ್ತದೆ? ನನಗೆ ಆಸೆ ಇಲ್ಲ.

ಬದುಕಿದ್ದಿದ್ದರೆ ಈ ವಾರವೇ ಅವು ಮೇಲೆ ಬರಬೇಕಿತ್ತು. ಸಂಜೆಯಾದರೆ ಹೊಸ ಬಲ್ಬು ಹಾಕಿ, ಹೊಸ ಕುರ್ಚಿಯಲ್ಲಿ ಕೂತಿರುತ್ತೇನೆ, ಅವರಿಗೆ ಬೇಜಾರಾಗಬಾರದಲ್ಲ ಎಂದು. ಬಿಳಿ ಗೋಡೆ ಬಿಳಿಯಾಗಿಯೇ ಇರುತ್ತದೆ. ಅಂಗಡಿ ಮುಚ್ಚಿ ಬಂದವರು ಕೈಕಾಲು ತೊಳೆದು, ಟೀ ಹಿಡಿದು ಪಕ್ಕ ನಿಂತು ದಿನಾ ಕೇಳುತ್ತಾರೆ: "ಬಂತೇನೆ ನಿನ್ನ ಮಿಲಿಟರಿ?"

ನೀವೇ ಹೇಳಿ, ಅವು ನಮ್ಮಿಬ್ಬರ ಕಾಲ ಕೆಳಗೇ ಇವೆ ಎಂದು ಆ ಮನುಷ್ಯನಿಗೆ ನಾನು ಹೇಗೆ ಹೇಳಲಿ?